ಎರಡು ಕವಿತೆಗಳನ್ನು ಹೋಲಿಸುವಾಗ: ಭಾಷೆ, ರೂಪ, ಬಂಧ

ಹೋಲಿಕೆಯ ಪ್ರಶ್ನೆಗೆ ಹೆಚ್ಚಿನವರು ಒಂದು ಕವಿತೆಯ ಸಾರಾಂಶ ಬರೆದು, ಕೆಳಗೆ ಇನ್ನೊಂದರ ಸಾರಾಂಶ ಬರೆದು, 'ಹೀಗೆ ಎರಡೂ ಭಿನ್ನವಾಗಿವೆ' ಎಂದು ಮುಗಿಸುತ್ತಾರೆ. ಅಂಕ ಹೋಗುವುದು ಅಲ್ಲೇ. ಭಾಷೆ, ರೂಪ, ಬಂಧಗಳಿಗೆ ಒಂದೊಂದು ಪ್ಯಾರಾ ಕೊಟ್ಟರೂ ಸಾಲದು. ಈ ಮೂರರಲ್ಲಿ ಒಂದು ಇನ್ನೊಂದನ್ನು ಎಲ್ಲಿ ಬಗ್ಗಿಸಿದೆ ಎಂದು ಹುಡುಕಿ ತೋರಿಸಬೇಕು.

ಅಭ್ಯಾಸಕ್ಕೆಂದೇ ಬರೆದ ಎರಡು ತುಣುಕುಗಳು ಇಲ್ಲಿವೆ. ಎರಡರ ವಸ್ತುವೂ ಕೊಡಗಿನ ಕಾಫಿ ತೋಟಕ್ಕೆ ಬೀಳುವ ಹೂಮಳೆ, ಅಂದರೆ ಕಾಫಿ ಗಿಡ ಬಿಳಿ ಹೂ ಬಿಡುವಂತೆ ಮಾಡುವ ಮಳೆ.

(ಅ)
ಮೊದಲ ಹೂಮಳೆ ಬಿದ್ದ ವಾರಕೆ
ತೋಟವೆಲ್ಲವು ಬೆಳ್ಳಗೆ
ಜೇನು ನೊಣಗಳ ಹಾಡು ಕೇಳಿತು
ಬೇಲಿ ದಾಟುತ ಮೆಲ್ಲಗೆ

(ಆ)
ಮಳೆ ಬಂತು.
ಸಾಹುಕಾರರ ಫೋನೂ ಬಂತು.
ಲೈನ್‌ಮನೆಯ ಸೂರಿನಡಿ
ಪಾತ್ರೆ
ಒಂದಲ್ಲ, ಮೂರು.
ತೋಟ ಬೆಳ್ಳಗಾದದ್ದನ್ನು
ನೋಡಿದವರು ಹೇಳಿದರು.

ರೂಪದಿಂದ ಶುರುಮಾಡಿ, ಅದನ್ನು ಎಣಿಸಿಯೇ ತೋರಿಸಬಹುದು. ಮಾತ್ರೆ ಎಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ. ಲಘುವಿಗೆ (ಹ್ರಸ್ವ ಅಕ್ಷರ) 1 ಮಾತ್ರೆ, ಗುರುವಿಗೆ (ದೀರ್ಘ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ) 2. (ಅ)ದ ಮೊದಲ ಸಾಲು: ಮೊದಲ 3, ಹೂಮಳೆ 4, ಬಿದ್ದ 3, ವಾರಕೆ 4, ಒಟ್ಟು 14. 'ಬಿದ್ದ'ದಲ್ಲಿ ಒತ್ತಕ್ಷರದ ಹಿಂದಿನ 'ಬಿ' ಗುರು. ಇದನ್ನು ಮರೆತು ಅಕ್ಷರ ಎಣಿಸುವವರಿಗೆ ಲೆಕ್ಕ ಕೂಡುವುದೇ ಇಲ್ಲ. ಎರಡನೇ ಸಾಲು 3, 4, 3, ಕೊನೆಗೊಂದು ಗುರು: 12. 'ಬೆಳ್ಳಗೆ'ಯ 'ಗೆ' ಲಘುವೇ, ಆದರೆ ಸಾಲಿನ ಕೊನೆಯಲ್ಲಿ ಎಳೆದು ಓದುವುದರಿಂದ ಗುರುವಾಗಿ ಎಣಿಸುತ್ತೇವೆ. ಈ 3+4ರ ನಡೆ ಕೊಡಗಿನ ಮಕ್ಕಳಿಗೆ ಕವಿ ಪಂಜೆ ಮಂಗೇಶರಾಯರ 'ಹುತ್ತರಿ ಹಾಡಿ'ನಿಂದ ಕಿವಿಯಲ್ಲೇ ಇದೆ. ಅನುಮಾನ ಬಂದಾಗ ಆ ಧಾಟಿಗೆ ಹಾಡಿ ನೋಡಿ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೂ ಇದೇ 14 ಮಾತ್ರೆ. ಹಾಗೆಂದು ಇದನ್ನು ಭಾಮಿನಿ ಎಂದು ಬರೆಯಬೇಡಿ. ಅದಕ್ಕೆ ಆರು ಸಾಲು ಬೇಕು, 3 ಮತ್ತು 6ನೇ ಸಾಲಿಗೆ 23 ಮಾತ್ರೆ ಬೇಕು.

ಈಗ ರೂಪ ಭಾಷೆಯನ್ನು ಬಗ್ಗಿಸಿದ ಜಾಗ ನೋಡಿ. ನಾವು ಆಡುವುದು 'ವಾರಕ್ಕೆ'. ಹಾಗೇ ಬರೆದಿದ್ದರೆ 5 ಮಾತ್ರೆಯಾಗಿ ಗಣ (ಮಾತ್ರೆಗಳ ಗುಂಪು) ಮುರಿಯುತ್ತಿತ್ತು, ಅದಕ್ಕೇ 'ವಾರಕೆ'. ಆ ಒಂದು ಬದಲಾವಣೆ ಇಡೀ ಪದ್ಯವನ್ನು ಮಾತಿನಿಂದ ಹಾಡಿನ ಕಡೆಗೆ ಸರಿಸಿದೆ. 'ಕಾವ್ಯಮಯ ಭಾಷೆ' ಎಂಬ ಸವಕಲು ಮಾತಿಗಿಂತ ಇಂಥ ಒಂದು ಪುರಾವೆ ಎಷ್ಟೋ ಮೇಲು.

(ಆ)ವನ್ನು 'ಛಂದಸ್ಸಿಲ್ಲ, ಪ್ರಾಸವಿಲ್ಲ' ಎಂದು ಕೈಬಿಡುವುದು ಅತಿ ದೊಡ್ಡ ತಪ್ಪು. ಇಲ್ಲದ್ದನ್ನು ಹೇಳಿದರೆ ಉತ್ತರವಾಗದು, ಇರುವುದನ್ನು ಹೇಳಬೇಕು. ಇಂಥ ಮುಕ್ತಛಂದದಲ್ಲಿ, ಅಂದರೆ ಮಾತ್ರೆಯ ಕಟ್ಟಿಲ್ಲದ ಪದ್ಯದಲ್ಲಿ, ಸಾಲು ಮುರಿಯುವ ಜಾಗವೇ ಮುಖ್ಯ ಸಾಧನ. 'ಪಾತ್ರೆ' ಒಂಟಿ ಸಾಲಾಗಿ ನಿಂತಿದೆ, ಅದಕ್ಕೆ ಕ್ರಿಯಾಪದವೂ ಇಲ್ಲ. ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಸೂರು ಸೋರುತ್ತಿದೆ ಎಂದು ಕವಿತೆ ಎಲ್ಲೂ ಹೇಳಿಲ್ಲ. 'ಮೂರು' ಎಂಬ ಎಣಿಕೆಯಿಂದ ನಾವೇ ತಿಳಿಯುತ್ತೇವೆ. 'ಫೋನೂ' ಎಂಬಲ್ಲಿನ 'ಊ' ಮಳೆಯನ್ನೂ ಕರೆಯನ್ನೂ ಒಂದೇ ಮಟ್ಟದಲ್ಲಿ ನಿಲ್ಲಿಸಿದೆ: ಎರಡೂ ಮೇಲಿನಿಂದ ಬರುವಂಥವು, ಎರಡನ್ನೂ ತಡೆಯುವಂತಿಲ್ಲ.

ಬಂಧವೆಂದರೆ ಒಳಗಿನ ಜೋಡಣೆ: ಯಾವುದು ಮೊದಲು, ತಿರುವು ಎಲ್ಲಿ, ಮುಕ್ತಾಯ ಹೇಗೆ. (ಅ)ದಲ್ಲಿ ತಿರುವಿಲ್ಲ. ಮೊದಲೆರಡು ಸಾಲು ಕಣ್ಣಿಗೆ, ಮುಂದಿನೆರಡು ಕಿವಿಗೆ. ಹಾಡು ಬೇಲಿಯಾಚೆಗೆ ಹರಡುತ್ತದೆ, ಆದರೆ ಕೇಳಿದ್ದು ಯಾರಿಗೆಂದು ಇಲ್ಲ. (ಆ)ದ ತಿರುವು ಕೊನೆಯ ಸಾಲಿನ 'ನೋಡಿದವರು' ಎಂಬಲ್ಲಿದೆ: ಹೂವನ್ನು ಕಂಡವರು ಬೇರೆಯವರು.

ಉತ್ತರದ ವಾಕ್ಯ ಹೀಗಿರಲಿ: "'ಬೆಳ್ಳಗೆ' ಎಂಬುದು ಎರಡರಲ್ಲೂ ಇದೆ; (ಅ) ಅದನ್ನು ಪ್ರಾಸದ ಜಾಗದಲ್ಲಿಟ್ಟು ಸಂಭ್ರಮವಾಗಿಸಿದರೆ, (ಆ) 'ಬೆಳ್ಳಗಾದದ್ದನ್ನು' ಎಂದು ಇತರರ ಬಾಯಿಮಾತಿಗೆ ಸೇರಿಸಿ, ಆ ಸಂಭ್ರಮವನ್ನು ನಿರೂಪಕರಿಂದ ದೂರವಿಡುತ್ತದೆ." ಒಂದೇ ವಾಕ್ಯದಲ್ಲಿ ಎರಡೂ ಕವಿತೆ, ಎರಡಕ್ಕೂ ಪುರಾವೆ, ಕೊನೆಗೆ ಪರಿಣಾಮ. ಇಂಥ ಮೂರು ಬಿಂದುಗಳಿದ್ದರೆ ಉತ್ತರ ತುಂಬುತ್ತದೆ. ಅರ್ಧ ಗಂಟೆ ಸಿಕ್ಕರೆ 10 ನಿಮಿಷ ಓದಿಗೆ ಮತ್ತು ಗುರುತು ಹಾಕಲಿಕ್ಕೆ ಇಡಿ. ಎರಡನ್ನೂ ತುಟಿ ಅಲುಗಿಸಿಯಾದರೂ ಓದಿ. ಅಲಂಕಾರದ ಹೆಸರು ಗೊತ್ತಾಗದಿದ್ದರೆ ಬಿಡಿ, ಅದು ಏನು ಮಾಡಿದೆ ಎಂದು ಬರೆದರೆ ಸಾಕು. ಲೈನ್‌ಮನೆಯಂಥ ನಮ್ಮ ಕಡೆಯ ಮಾತಿಗೆ ಮಾತ್ರ 'ತೋಟದ ಕಾರ್ಮಿಕರ ಸಾಲುಮನೆ' ಎಂದು ಒಮ್ಮೆ ಬಿಡಿಸಿ ಹೇಳಿ, ಉತ್ತರ ತಿದ್ದುವವರು ಜಿಲ್ಲೆಯ ಹೊರಗಿನವರಿರಬಹುದು.