ಒಂದೇ ಟವರಿನ ಊರಿಗೆ ನೆಟ್ ನ್ಯೂಟ್ರಾಲಿಟಿ ಯಾಕೆ ಬೇಕು

"ಮೊದಲು ಟವರ್ ಹಾಕಿಸಿ ಮಾರಾಯ್ರೆ, ಆಮೇಲೆ ನಿಮ್ಮ ನ್ಯೂಟ್ರಾಲಿಟಿ!" ಸಾಗರ, ಹೊಸನಗರದ ಒಳಹಳ್ಳಿಗಳಲ್ಲಿ ಈ ವಿಷಯ ಎತ್ತಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ಹಾಗೆ ಹೇಳುವವರದ್ದು ತಪ್ಪಲ್ಲ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಮಕ್ಕಳು ಗುಡ್ಡ ಹತ್ತಿ ಕೊಡೆ ಹಿಡಿದು ಕೂತ ಸೀಮೆ ಇದು. ನೆಟ್‌ವರ್ಕ್ ಕೊಡದಿದ್ದರೆ ವೋಟೂ ಇಲ್ಲ ಎಂಬ ಅಭಿಯಾನ ನಡೆದದ್ದೂ ಇಲ್ಲೇ. ಆದರೂ ನನ್ನ ವಾದ ಉಲ್ಟಾ ಇದೆ. ಮೂರ್ನಾಲ್ಕು ಕಂಪನಿಗಳ ಸಿಗ್ನಲ್ ಸಿಗುವ ಶಿವಮೊಗ್ಗ ಪೇಟೆಯವರಿಗಿಂತ, ಒಂದೇ ಟವರನ್ನು ನಂಬಿಕೊಂಡ ಊರಿನವರಿಗೆ ಈ ನಿಯಮದ ಗರಜು ಹೆಚ್ಚು.

ನಿಯಮ ಹೇಳುವುದಿಷ್ಟು: ಸಂಪರ್ಕ ಕೊಡುವ ಕಂಪನಿ ತನ್ನ ಜಾಲದಲ್ಲಿ ಹರಿಯುವ ಮಾಹಿತಿಯಲ್ಲಿ ಭೇದ ಮಾಡಬಾರದು. ಒಂದು ಸೈಟನ್ನು ತಡೆಯುವುದು, ಇನ್ನೊಂದನ್ನು ಬೇಕೆಂದೇ ನಿಧಾನ ಮಾಡುವುದು, ಮತ್ತೊಂದರಿಂದ ದುಡ್ಡು ತೆಗೆದುಕೊಂಡು ಮುಂದೆ ಬಿಡುವುದು, ಯಾವುದೂ ಕೂಡದು. ನೆಟ್ ನ್ಯೂಟ್ರಾಲಿಟಿ ಎಂಬ ಹೆಸರನ್ನು ಚಲಾವಣೆಗೆ ತಂದದ್ದು ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ, 2003ರಲ್ಲಿ.

ಇದು ತಂತ್ರಜ್ಞಾನದ ಮಟ್ಟದಲ್ಲಿ ಹೇಗೆ ಕಾಣುತ್ತದೆ? ಹೊಸನಗರದ ಬೆಳೆಗಾರರೊಬ್ಬರು ಫೋನಿನಲ್ಲಿ ರಾಶಿ ಅಡಿಕೆಯ ರೇಟು ನೋಡುತ್ತಾರೆ ಅನ್ನಿ. ಅವರ ಕೋರಿಕೆ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಟವರಿಗೆ ಹೋಗಿ, ಅಲ್ಲಿಂದ ಫೈಬರಿನಲ್ಲೋ ಗುಡ್ಡದಿಂದ ಗುಡ್ಡಕ್ಕೆ ಹಾರುವ ಮೈಕ್ರೋವೇವ್ ಲಿಂಕಿನಲ್ಲೋ ಮುಂದೆ ಸಾಗುತ್ತದೆ. ಪ್ರತಿ ಪ್ಯಾಕೆಟ್ಟಿನ ತಲೆಯ ಮೇಲೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಇರುತ್ತದೆ. ನಡುವೆ ಸಿಗುವ ರೂಟರ್ ಆ ವಿಳಾಸ ನೋಡಿ ಮುಂದಕ್ಕೆ ತಳ್ಳುತ್ತದೆ. ಬಂದ ಪ್ಯಾಕೆಟ್ಟುಗಳು ಲೈನಿನ ತಾಕತ್ತಿಗಿಂತ ಹೆಚ್ಚಾದರೆ ಸಾಲು ಹಚ್ಚುತ್ತವೆ.

ಸಾಲು ಎಂದರೆ ನಮಗೆ ನೆನಪಾಗುವುದು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚ್. 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಅಂಬಾರಗೋಡ್ಲು ದಡದಲ್ಲಿ ಬಸ್ಸು, ಜೀಪು, ಕಾರು ಎಲ್ಲ ಸರದಿಯಲ್ಲಿ ಕಾಯಬೇಕಿತ್ತು. ಆಂಬ್ಯುಲೆನ್ಸ್ ಬಂದರೆ ದಾರಿ ಬಿಟ್ಟರೆ ಯಾರ ತಕರಾರೂ ಇರಲಾರದು. ಆದರೆ ಲಾಂಚಿನವನು "ಆಚೆ ದಡದಲ್ಲಿ ಯಾರ ಅಂಗಡಿಗೆ ಹೋಗ್ತೀರಿ? ನಮಗೆ ದುಡ್ಡು ಕೊಟ್ಟವರ ಅಂಗಡಿಗಾದರೆ ಮೊದಲು ಹತ್ತಿ, ಟಿಕೆಟ್ಟೂ ಬೇಡ" ಅಂದಿದ್ದರೆ? ಆಚೆ ದಡದ ಮಿಕ್ಕ ಅಂಗಡಿಗಳ ಗತಿ ಏನು ಎಂದು ವಿವರಿಸಬೇಕಾಗಿಲ್ಲ. ನ್ಯೂಟ್ರಾಲಿಟಿ ಎಂದರೆ ಎಲ್ಲ ಪ್ಯಾಕೆಟ್ಟೂ ಸರಿಸಮ ಎಂದು ಕೆಲವರು ಹೇಳುವುದುಂಟು, ಅದು ಪೂರ್ತಿ ಸರಿಯಲ್ಲ. ಇಂಟರ್ನೆಟ್ ಪ್ರೋಟೋಕಾಲಿನ 1981ರ ದಾಖಲೆಯಲ್ಲೇ ಆದ್ಯತೆಯ ಗುರುತು ಹಾಕಲು ಎಂಟು ಬಿಟ್ ಜಾಗ ಬಿಟ್ಟಿದ್ದಾರೆ. ಮಾತಿನ ಕರೆ ತಡವರಿಸಬಾರದು, ಇಮೇಲ್ ಎರಡು ಸೆಕೆಂಡ್ ತಡವಾದರೆ ನಷ್ಟವಿಲ್ಲ. ಜಗಳ ಇರುವುದು ಯಾವ ಬಗೆಯ ಸಂಚಾರ ಎಂಬುದರ ಮೇಲಲ್ಲ, ಯಾರ ಸಂಚಾರ ಎಂದು ನೋಡಿ ಭೇದ ಮಾಡುವುದರ ಮೇಲೆ.

ಕಂಪನಿಗೆ ಅದು ಗೊತ್ತಾಗುವುದಾದರೂ ಹೇಗೆ, ಈಗ ಎಲ್ಲವೂ ಗೂಢಲಿಪಿಯಲ್ಲೇ ಹೋಗುತ್ತದಲ್ಲ? ಒಳಗಿನ ಮಾತು ಕಾಣದು, ನಿಜ. ಆದರೆ ಸುರಕ್ಷಿತ ಸಂಪರ್ಕ ಶುರುವಾಗುವ ಮೊದಲ ಕ್ಷಣದಲ್ಲಿ ಫೋನು ತನಗೆ ಬೇಕಾದ ಸೈಟಿನ ಹೆಸರನ್ನು ಸಾಮಾನ್ಯವಾಗಿ ಬಹಿರಂಗವಾಗಿಯೇ ಕಳಿಸುತ್ತದೆ. ತಡೆಯಲು, ನಿಧಾನ ಮಾಡಲು, 'ಈ ಆ್ಯಪ್ ಫ್ರೀ' ಎಂದು ಲೆಕ್ಕದಿಂದ ಬಿಡಲು ಅಷ್ಟು ಸಾಕು.

ಹೀಗೆಲ್ಲ ನಿಜವಾಗಿ ಮಾಡುತ್ತಾರೆಯೇ ಎನ್ನುವವರಿಗೆ ಅಮೆರಿಕದ ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟ್‌ನ 2007ರ ಪ್ರಕರಣ ಹೇಳಬೇಕು. ರಾಬ್ ಟೊಪೋಲ್ಸ್ಕಿ ಎಂಬ ಅಮೆರಿಕದ ತಂತ್ರಜ್ಞನಿಗೆ ಹಳೆಯ ಕಾಲದ ನಾಲ್ವರ ಮೇಳಗಾನದ ಹುಚ್ಚು. ಅಂಥ ಹಾಡುಗಳನ್ನು, ಬಳಕೆದಾರರೇ ತಮ್ಮತಮ್ಮಲ್ಲಿ ಫೈಲು ಹಂಚಿಕೊಳ್ಳುವ ಬಿಟ್‌ಟೊರೆಂಟ್ ಮೂಲಕ ಹಂಚಹೋದರೆ ಅಪ್‌ಲೋಡ್ ಆಗುತ್ತಲೇ ಇರಲಿಲ್ಲ. ಆತ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಎರಡು ಕಂಪ್ಯೂಟರುಗಳ ನಡುವೆ 'ಸಂಪರ್ಕ ಮುಗಿಯಿತು, ಕತ್ತರಿಸು' ಎಂಬ ಸಂದೇಶ ಬರುತ್ತಿತ್ತು, ಆದರೆ ಅದನ್ನು ಎರಡು ಕಡೆಯವರೂ ಕಳಿಸಿರಲಿಲ್ಲ! ನಡುವೆ ಕೂತ ಕಂಪನಿಯ ಯಂತ್ರ ಇವನ ಹೆಸರಿನಲ್ಲಿ ಅವನಿಗೆ, ಅವನ ಹೆಸರಿನಲ್ಲಿ ಇವನಿಗೆ ಖೊಟ್ಟಿ ಸಂದೇಶ ಕಳಿಸುತ್ತಿತ್ತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಬೈಬಲ್ಲನ್ನು, ಕಳ್ಳಮಾಲು ಎಂಬ ನೆಪಕ್ಕೆ ಎಡೆ ಇಲ್ಲದ ಪಠ್ಯ ಅದು. ಅದಕ್ಕೂ ಅಡ್ಡಿಯಾಯಿತು. ಜಾಲದ ಮೇಲೆ ಹೊರೆ ಬೀಳುತ್ತಿತ್ತು ಎಂಬ ಕಂಪನಿಯ ಅಳಲಿನಲ್ಲಿ ಹುರುಳಿರಬಹುದು, ಆದರೆ ಹೊರೆ ಇಳಿಸಲು ಸುಳ್ಳು ಸಹಿ ಹಾಕುವುದು ಯಾವ ನ್ಯಾಯ?

ಅಲ್ಲಿನ ನಿಯಂತ್ರಣ ಆಯೋಗ ಎಫ್‌ಸಿಸಿ 2008ರಲ್ಲಿ ಕಾಮ್‌ಕಾಸ್ಟ್ ವಿರುದ್ಧ ಆದೇಶ ಹೊರಡಿಸಿತು, 2010ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಅಲ್ಲಿಂದಾಚೆಗಿನ ಕಥೆ ಸರ್ಕಾರ ಬದಲಾದಂತೆ ತೂಗುವ ಉಯ್ಯಾಲೆ. 2015ರಲ್ಲಿ 3–2 ಮತಗಳಿಂದ ಕಟ್ಟುನಿಟ್ಟಿನ ನಿಯಮ, 2017ರ ಡಿಸೆಂಬರಿನಲ್ಲಿ ಅದೇ 3–2ರಿಂದ ರದ್ದು, 2024ರಲ್ಲಿ ಮತ್ತೆ ಅಂಗೀಕಾರ, 2025ರ ಜನವರಿಯಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಮತ್ತೆ ವಜಾ. ಬ್ರಾಡ್‌ಬ್ಯಾಂಡ್ ಎಂಬುದು ಟೆಲಿಫೋನಿನಂತೆ 'ದೂರಸಂಪರ್ಕ ಸೇವೆ'ಯೋ ಅಥವಾ 'ಮಾಹಿತಿ ಸೇವೆ'ಯೋ ಎಂಬ ಒಂದೇ ಗಂಟಿನ ಸುತ್ತ ಇಷ್ಟೂ ವ್ಯಾಜ್ಯ; ಮೊದಲನೆಯದಾದರೆ ಮಾತ್ರ ಆಯೋಗಕ್ಕೆ ಇಂಥ ಬಿಗಿ ನಿಯಮ ಹಾಕುವ ಅಧಿಕಾರ. ರಿಪಬ್ಲಿಕನ್ನರ ವಾದ: ನಿಯಂತ್ರಣ ಬಿಗಿಯಾದರೆ ಕಂಪನಿಗಳು ಕೇಬಲ್ಲಿಗೆ ಹಣ ಹೂಡುವುದಿಲ್ಲ, ಗ್ರಾಹಕನಿಗೆ ಮೋಸವಾದರೆ ಬೇರೆ ಕಂಪನಿಗೆ ಹೋಗಲಿ.

ಆ ಕೊನೆಯ ಮಾತು ಮಲೆನಾಡಿನಲ್ಲಿ ನಿಲ್ಲುವುದಿಲ್ಲ. ಬೇರೆ ಕಂಪನಿಗೆ ಹೋಗಲು ಬೇರೆ ಕಂಪನಿಯ ಸಿಗ್ನಲ್ ಬೇಕಲ್ಲ! ಗುಡ್ಡದ ಒಂದು ಮಗ್ಗುಲಿಗೆ ಒಂದೇ ಟವರು, ಅದೂ ಕರೆಂಟು ಹೋಗಿ ಬ್ಯಾಟರಿ ಇಳಿದರೆ ಸ್ತಬ್ಧ. ಇಂಥಲ್ಲಿ ಮಾರುಕಟ್ಟೆಯ ಸ್ಪರ್ಧೆ ಗ್ರಾಹಕನನ್ನು ಕಾಯುತ್ತದೆ ಎನ್ನುವುದು ಪುಸ್ತಕದ ಬದನೆಕಾಯಿ.

ನಮ್ಮ ದೇಶದಲ್ಲಿ ಜಗಳ ಹತ್ತಿಕೊಂಡದ್ದು ಬೆಲೆಯ ವಿಷಯಕ್ಕೆ. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಈ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ 10 ಲಕ್ಷಕ್ಕೂ ಮಿಕ್ಕಿ ಇಮೇಲ್ ಹೋದವು. ಅದೇ ಹೊತ್ತಿಗೆ ಫೇಸ್‌ಬುಕ್ 'ಫ್ರೀ ಬೇಸಿಕ್ಸ್' ಎಂಬ ಯೋಜನೆ ತಂದು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಹಾಕಿತು: ಬಡವರಿಗೆ ಕೆಲವು ಆಯ್ದ ಸೈಟುಗಳು ಉಚಿತ, ಏನೂ ಇಲ್ಲದ ಕಡೆ ಇಷ್ಟಾದರೂ ಸಿಗಲಿ. ಈ ಚರ್ಚೆಯಲ್ಲಿ ನ್ಯೂಟ್ರಾಲಿಟಿಯ ವಿರುದ್ಧ ಬಂದ ಅತ್ಯಂತ ಗಟ್ಟಿ ವಾದ ಇದೇ, ನಮ್ಮಂಥ ಊರಿನವರು ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅದರಲ್ಲೊಂದು ತೂತಿದೆ. ಫ್ರೀ ಬೇಸಿಕ್ಸ್ ಒಂದೇ ಒಂದು ಟವರನ್ನೂ ಕೊಡುತ್ತಿರಲಿಲ್ಲ. ಸಿಗ್ನಲ್ ಇದ್ದವನಿಗೆ ಕಿರಿದಾದ ಬಾಗಿಲು ತೆರೆದು, ಆ ಬಾಗಿಲಲ್ಲಿ ಫೇಸ್‌ಬುಕ್ಕಿನ ಸರ್ವರನ್ನೇ ಕಾವಲಿಗೆ ಕೂರಿಸುತ್ತಿತ್ತು. 2016ರ ಫೆಬ್ರವರಿ 8ರಂದು ಟ್ರಾಯ್ ಇಂಥ ಭೇದದ ದರಗಳನ್ನು ನಿಷೇಧಿಸಿತು: ಉಲ್ಲಂಘಿಸಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ತುರ್ತು ಸೇವೆಗೆ ವಿನಾಯಿತಿ ಇತ್ತು. 2018ರಲ್ಲಿ ತಡೆಯುವುದು, ನಿಧಾನಿಸುವುದು ಕೂಡದೆಂಬ ಮಾತು ಕಂಪನಿಗಳ ಲೈಸೆನ್ಸಿಗೇ ಸೇರಿತು.

ಆಮೇಲೆ ಆದದ್ದೇನು? 2014ರಲ್ಲಿ ಒಂದು ಜಿಬಿಗೆ ಸರಾಸರಿ 270 ರೂಪಾಯಿ ಆಸುಪಾಸು ಇದ್ದ ಡೇಟಾ, ಜಿಯೋ ಬಂದ ನಂತರದ ಪೈಪೋಟಿಯಲ್ಲಿ ಹತ್ತರ ಆಜುಬಾಜಿಗೆ ಇಳಿಯಿತು. ಬಡವನಿಗೆ ಪೂರ್ತಿ ಇಂಟರ್ನೆಟ್ ಕೈಗೆಟುಕಿತು. ಟವರಿನ ಕೊರತೆಗೆ ಮದ್ದೂ ಬೇರೆಯದೇ. ಎಲ್ಲ ಕಂಪನಿಗಳ ಆದಾಯದ ಪಾಲಿನಿಂದ ಕೂಡುವ ನಿಧಿಯಿಂದ, 24,680 ಹಳ್ಳಿಗಳಿಗೆ 4ಜಿ ತಲುಪಿಸಲು ಕೇಂದ್ರ ಸಂಪುಟ 2022ರಲ್ಲಿ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಕೆಲಸ ಮಳೆಗಾಲದ ಕಾಡುರಸ್ತೆಯ ವೇಗದಲ್ಲಿ ಸಾಗುತ್ತಿದೆ ಎಂಬ ಗೊಣಗಾಟ ಇದ್ದದ್ದೇ.

ಇನ್ನೊಂದು ಮಾತನ್ನು ನ್ಯೂಟ್ರಾಲಿಟಿಯ ಪರ ಇರುವವರು ಮೆಲ್ಲಗೆ ದಾಟಿಬಿಡುತ್ತಾರೆ. ಈ ನಿಯಮ ಕಂಪನಿಯ ಕೈ ಕಟ್ಟುತ್ತದೆ, ಸರ್ಕಾರದ ಕೈಯನ್ನಲ್ಲ. ಗಲಾಟೆ ಎಂದಾಗ ಇಡೀ ಜಿಲ್ಲೆಯ ನೆಟ್ ಬಂದ್ ಮಾಡುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ. ಅನಿರ್ದಿಷ್ಟ ಕಾಲ ಬಂದ್ ಸಲ್ಲದು, ಆದೇಶವನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿತು. ಪೋಸ್ಟುಗಳನ್ನು ತೆಗೆಸುವ 'ಸಹಯೋಗ್' ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹಾಕಿದ ಅರ್ಜಿಯನ್ನು ನಮ್ಮ ಹೈಕೋರ್ಟು 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಕಂಪನಿ ಬೇಡವೆಂದು ತಡೆದರೆ ಅಪರಾಧ, ಸರ್ಕಾರ ತಡೆಸಿದರೆ ಆಡಳಿತ! ಎರಡನ್ನೂ ಒಂದೇ ಕಣ್ಣಿನಿಂದ ನೋಡಬೇಕು ಎನ್ನುವವನು ನಾನು.

ಈಗಿನ ಹೊಸ ವರಸೆ ಎಂದರೆ 'ನ್ಯಾಯದ ಪಾಲು'. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥವರ ವಿಡಿಯೋದಿಂದಲೇ ಜಾಲ ತುಂಬುತ್ತಿದೆ, ಅವರೂ ಖರ್ಚು ಕೊಡಲಿ ಎಂದು ನಮ್ಮ ಟೆಲಿಕಾಂ ಕಂಪನಿಗಳ ಒಕ್ಕೂಟ ಕೇಳುತ್ತಿದೆ. ದಕ್ಷಿಣ ಕೊರಿಯಾದಲ್ಲಿ ಇಂಥ ಶುಲ್ಕದ ಪದ್ಧತಿ ಇದೆ. ಅದರ ಭಾರ ತಾಳದೆ ಟ್ವಿಚ್ ಎಂಬ ವಿಡಿಯೋ ಸೇವೆ 2024ರಲ್ಲಿ ಆ ದೇಶದಿಂದಲೇ ಗಂಟುಮೂಟೆ ಕಟ್ಟಿತು. ದೊಡ್ಡವರು ಕೊಟ್ಟಾರು, ಸಾಗರದಲ್ಲಿ ಕೂತು ಯಕ್ಷಗಾನದ ವಿಡಿಯೋ ಹಾಕುವ ಹುಡುಗನ ಪುಟ್ಟ ಸೈಟಿಗೂ ನಾಳೆ ಇದೇ ಬಿಲ್ಲು ಬಾರದೆಂದು ಯಾರು ಬರೆದುಕೊಡುತ್ತಾರೆ?

ನಿಯಮ ಮುರಿದದ್ದನ್ನು ಹಿಡಿಯುವ ಕೆಲಸವೂ ಸಲೀಸಲ್ಲ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 'ವೀಹಿ' ಎಂಬ ಆ್ಯಪ್ ಮಾಡಿದ್ದಾರೆ. ಅದು ಒಂದು ವಿಡಿಯೋ ಸೇವೆಯ ಸಂಚಾರವನ್ನು ಹಾಗೆಯೇ ಒಮ್ಮೆ ಓಡಿಸುತ್ತದೆ, ಗುರುತು ಸಿಗದಂತೆ ಕಲಸಿ ಇನ್ನೊಮ್ಮೆ ಓಡಿಸುತ್ತದೆ. ಗುರುತು ಇದ್ದಾಗ ನಿಧಾನ, ಇಲ್ಲದಾಗ ಜೋರು ಎಂದಾದರೆ ಕಂಪನಿ ಕೈಯಾಡಿಸಿದೆ ಎಂದರ್ಥ. ಪೇಟೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆಗುಂಬೆಯ ಮಳೆಯಲ್ಲಿ ಸಿಗ್ನಲ್ಲಿನ ಒಂದೇ ಕಡ್ಡಿ ಹಿಡಿದು ಓಡಿಸಿದರೆ ಎರಡು ಓಟದ ನಡುವೆ ಸಿಗ್ನಲ್ಲೇ ಏರಿಳಿದು, ವ್ಯತ್ಯಾಸ ಕಂಪನಿಯದೋ ಹವೆಯದೋ ತಿಳಿಯದಾಗುತ್ತದೆ. ಅಂಥಲ್ಲಿ ಹಗಲು, ರಾತ್ರಿ, ಬೇರೆ ಬೇರೆ ಫೋನುಗಳಲ್ಲಿ ಹತ್ತಾರು ಸಲ ಓಡಿಸಿ ಸರಾಸರಿ ತೆಗೆಯಬೇಕು. ಉಸ್ತುವಾರಿಗೆ ಎಲ್ಲ ಪಾಲುದಾರರೂ ಇರುವ ಒಂದು ಸಮಿತಿ ಬೇಕೆಂದು ಟ್ರಾಯ್ 2020ರಲ್ಲಿ ಶಿಫಾರಸು ಮಾಡಿದೆ. ಅಂಥದ್ದೊಂದು ಕೂತರೆ ಅದರ ಅಳತೆಯ ಯಂತ್ರಗಳಲ್ಲಿ ಒಂದೆರಡಾದರೂ ಬೆಂಗಳೂರು ಬಿಟ್ಟು ಹೊಸನಗರದಂಥ ತಾಲ್ಲೂಕಿನಲ್ಲಿ, ಜೂನ್ ತಿಂಗಳಲ್ಲಿ ಓಡಲಿ.