ಬಾಗಿಲಿಲ್ಲದ ಕಪ್‌ಬೋರ್ಡ್

ನಿಘಂಟಿನ ಕೆಲಸಕ್ಕೆ ಕುಳಿತಂದಿನಿಂದ ಈ ಮಾತನ್ನು ಕೇಳುತ್ತಲೇ ಇದ್ದೇನೆ: ‘ನಮ್ಮ ಕಪಾಟೇ ಇಂಗ್ಲಿಷಿಗೆ ಹೋಗಿ ಕಪ್‌ಬೋರ್ಡ್ ಆಯಿತಲ್ಲವೇ?’ ಇಂಗ್ಲಿಷಿನದೇ ಸವೆದು ಕಪಾಟಾಯಿತು ಎನ್ನುವವರೂ ಇದ್ದಾರೆ. ಎರಡೂ ತಪ್ಪು.

ಕಪ್‌ಬೋರ್ಡ್ ಎಂದರೆ ಬಟ್ಟಲಿನ ಹಲಗೆ. 14ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದಕ್ಕೆ ಬಾಗಿಲೇ ಇರಲಿಲ್ಲ. ಉಳ್ಳವರು ಬಟ್ಟಲು, ತಟ್ಟೆಗಳನ್ನು ಬಂದವರ ಕಣ್ಣಿಗೆ ಬೀಳುವಂತೆ ಜೋಡಿಸಿಡುತ್ತಿದ್ದ ಮೇಜು ಅದು. ಬೋರ್ಡ್ ಎಂದರೆ ಊಟದ ಮೇಜೂ ಹೌದು. ಬೋರ್ಡಿಂಗ್ ಶಾಲೆಯ ಹೆಸರಿನಲ್ಲಿ ಆ ಊಟ ಇನ್ನೂ ಉಳಿದಿದೆ. ಮುಚ್ಚಿದ ಗೂಡು ಎಂಬ ಅರ್ಥ ನೆಲೆಗೊಂಡದ್ದು 16ನೆಯ ಶತಮಾನದಲ್ಲಿ.

ನಮ್ಮ ಕಪಾಟಾದರೋ ಹುಟ್ಟಿನಿಂದಲೇ ಬಾಗಿಲು. ಸಂಸ್ಕೃತದಲ್ಲಿ ಕಪಾಟ, ಕವಾಟ ಎಂದರೆ ಕದ. ಬದರಿನಾಥ ದೇಗುಲ ತೆರೆದಾಗ ಹಿಂದಿ ಪತ್ರಿಕೆಗಳು ಇಂದಿಗೂ ‘ಕಪಾಟ್’ ತೆರೆಯಿತೆಂದೇ ಬರೆಯುತ್ತವೆ. ಹೃದಯದ ಕವಾಟವೂ ಇದೇ ಪದ. ಕದದ ಹೆಸರು ಕದವಿರುವ ಗೂಡಿಗೆ ಬಂತು, ಮರಾಠಿಯಲ್ಲೂ ಹಾಗೆಯೇ.

ಕಿವಿಗೆ ಇಂದು ಕೇಳುವುದನ್ನು ನಂಬಿ ನಂಟಸ್ತನ ಕಟ್ಟಬೇಡಿ. ಇಂಗ್ಲಿಷರ ಬಾಯಲ್ಲಿ ಇಂದು ಕಪ್‌ಬೋರ್ಡ್ ‘ಕಬರ್ಡ್’. ಪಕಾರಕ್ಕೂ ಬಕಾರಕ್ಕೂ ತುಟಿ ಮುಚ್ಚಬೇಕು. ಎರಡೂ ಒತ್ತಾಗಿ ಬಂದಾಗ ಪಕಾರ ಕರಗಿತು. ಆರು ಶತಮಾನ ಹಿಂದೆ ಹೋದರೆ ಅದೇ ಪದ ‘ಕುಪ್ಪೆಬೋರ್ಡ್’. ಈಗ ಅದರ ಪಕ್ಕದಲ್ಲಿ ‘ಕಪಾಟ’ ಇಟ್ಟು ನೋಡಿ. ನಿಜವಾದ ನೆಂಟರು ಹಿಂದೆ ಹೋದಷ್ಟೂ ಹತ್ತಿರವಾಗುತ್ತಾರೆ, ರೂಪದಲ್ಲಿ ಇಲ್ಲವೇ ಅರ್ಥದಲ್ಲಿ. ಇವೆರಡು ಎರಡರಲ್ಲೂ ದೂರ ಸರಿಯುತ್ತವೆ.

ನಿವೃತ್ತ ಮೇಷ್ಟರೊಬ್ಬರು ಇಂಥ ಜೋಡಿಪದಗಳನ್ನು ನೋಟುಪುಸ್ತಕದ ತುಂಬ ದುಂಡಗೆ ಬರೆದು ತಂದಿದ್ದರು. ಮೊದಲ ಸಾಲೇ ಕಪಾಟು. ನಾನು ಇಷ್ಟನ್ನೂ ಹೇಳಿ ಮುಗಿಸಿದಾಗ ಅವರ ಮುಖ ಬಾಡಿತು. ಪದಗಳ ಮೇಲೆ ಅಷ್ಟು ಪ್ರೀತಿ ಇಟ್ಟವರನ್ನು ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗಲಿಲ್ಲ. ಕಪ್ ಎಂಬುದರ ಹಿಂದೆ ಲ್ಯಾಟಿನಿನ ‘ಕುಪ್ಪಾ’ ಇದೆ, ಅದಕ್ಕೂ ಹಿಂದೆ ಪೀಪಾಯಿ ಎಂಬರ್ಥದ ‘ಕೂಪಾ’. ನಮ್ಮಲ್ಲಿ ಬಾವಿಗೆ ಹೇಳುವ ಸಂಸ್ಕೃತದ ‘ಕೂಪ’ ಇದರ ದೂರದ ದಾಯಾದಿ ಎಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಎರಡರ ತಿರುಳೂ ಟೊಳ್ಳು, ಕುಳಿ. ನಾನು ಅಲ್ಲಿ ‘ಬಹುಶಃ’ ಸೇರಿಸಿಯೇ ಹೇಳಿದೆ.

ಮೇಷ್ಟರು ಕಪಾಟನ್ನು ಗೀಟು ಎಳೆದು ಹೊಡೆದರು. ಕೆಳಗೆ ‘ಕೂಪ’ ಎಂದು ಬರೆದು, ಪಕ್ಕದಲ್ಲಿ ಕಂಸ ಹಾಕಿ ‘ಬಹುಶಃ’ ಎಂದು ಸೇರಿಸಿದರು.