ಪತ್ರದ ಮಾತು ಮಗುವಿನದೇ ಆಗಿರಲಿ

ಹಬ್ಬವೋ ರಜೆಯೋ ಬಂದಾಗ ಮಕ್ಕಳಿಂದ ಅಜ್ಜ ಅಜ್ಜಿಗೆ, ದೂರದ ಗೆಳೆಯರಿಗೆ ಪತ್ರ ಬರೆಸುವುದುಂಟು. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕಿ/ಚಿಕಿತ್ಸಕ) ಆಗಿ ನಾನು ಕಂಡಂತೆ, ಅಂಗವೈಕಲ್ಯವಿರುವ ಮಗುವನ್ನು ಈ ಕೆಲಸದಿಂದ ಹೊರಗಿಡುತ್ತಾರೆ, ಇಲ್ಲವೇ ದೊಡ್ಡವರೇ ಎಲ್ಲ ಬರೆದು ಕೊನೆಯಲ್ಲಿ ಅದರ ಹೆಬ್ಬೆರಳಿನ ಗುರುತು ಹಾಕಿಸುತ್ತಾರೆ. ಅಕ್ಷರ ತಿದ್ದುವುದು ಕೈಯ ಕೆಲಸ, ಹೇಳಬೇಕಾದ್ದನ್ನು ಆರಿಸುವುದು ಮನಸ್ಸಿನ ಕೆಲಸ. ಮೊದಲನೆಯದನ್ನು ಯಾರು ಬೇಕಾದರೂ ಮಾಡಿಕೊಡಬಹುದು, ಎರಡನೆಯದನ್ನು ಮಗುವೇ ಮಾಡಬೇಕು.

ಸೆರೆಬ್ರಲ್ ಪಾಲ್ಸಿಯಿಂದ (ಮಿದುಳಿನ ತೊಂದರೆಯಿಂದ ಚಲನೆಯ ಹಿಡಿತ ತಪ್ಪುವ ಸ್ಥಿತಿ) ಮಾತಾಡಲಾಗದ, ಪೆನ್ಸಿಲ್ ಹಿಡಿಯಲಾಗದ ಒಂಬತ್ತು ವರ್ಷದ ಹುಡುಗನೊಬ್ಬನ ತಾಯಿ, ಅವನ ಪರವಾಗಿ ಅಜ್ಜಿಗೆ ಬರೆದ ಪತ್ರವನ್ನು ಓದಿ ಹೇಳುತ್ತಿದ್ದಾಗ ಅವನು ಮುಖ ತಿರುಗಿಸಿಕೊಂಡೇ ಇದ್ದ. ನಾನು ಪಾರದರ್ಶಕ ಹಾಳೆಯೊಂದರ ನಾಲ್ಕು ಮೂಲೆಗೆ ಅಜ್ಜಿ, ಉಯ್ಯಾಲೆ, ನಾಯಿ, 'ಬೇರೆ ಏನೋ' ಎಂಬ ಚಿತ್ರಗಳನ್ನು ಅಂಟಿಸಿ, ಅವನ ಮುಖದೆದುರು ಹಿಡಿದು, ಸುಮ್ಮನೆ ಕಾದೆ. ಅವನ ಕಣ್ಣು ನಾಯಿಯ ಮೇಲೆ ನಿಂತಿತು. ಮುಂದಿನ ಸುತ್ತಿನಲ್ಲಿ ಆಟ, ಊಟ, ನಿದ್ದೆಗಳ ನಡುವೆ ನಿದ್ದೆಯನ್ನು ಆರಿಸಿದ. ನಲವತ್ತು ನಿಮಿಷದ ಬಳಿಕ ನಾವು ಓದಿ ತೋರಿಸಿ ಅವನಿಂದ ಒಪ್ಪಿಗೆ ಪಡೆದ ಪತ್ರ ಒಂದೇ ಸಾಲಿನದು: 'ನಾಯಿ ಎಲ್ಲಿ ಮಲಗುತ್ತೆ?' ಆ 'ಬೇರೆ ಏನೋ' ಚಿತ್ರವನ್ನು ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ನಾವು ಊಹಿಸಿದ ಉತ್ತರಗಳಲ್ಲೇ ಮಗು ಸಿಕ್ಕಿಹಾಕಿಕೊಳ್ಳುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮಗುವಿನ ಕೈಯನ್ನು ಹಿಡಿದು ಅಕ್ಷರಗಳತ್ತ ನಡೆಸುತ್ತ ಬರೆಸಿದಾಗ ಹೊರಬರುವ ಮಾತು, ಅರಿವಿಲ್ಲದೆಯೇ, ಕೈ ಹಿಡಿದವರದಾಗಿರುತ್ತದೆ ಎಂಬುದನ್ನು ನಿಯಂತ್ರಿತ ಪರೀಕ್ಷೆಗಳು ತೋರಿಸಿವೆ. ಕಣ್ಣು, ಬೆರಳು, ತಲೆಯ ಅಲುಗಾಟ, ಆಯ್ಕೆ ತಿಳಿಸಲು ಒತ್ತುವ ಸ್ವಿಚ್, ಯಾವುದೇ ಇರಲಿ, ಚಲನೆ ಮಗುವಿನದೇ ಆಗಿರಬೇಕು.

ಪೆನ್ಸಿಲ್ ಹಿಡಿಯಬಲ್ಲ ಮಕ್ಕಳಿಗೆ ದಪ್ಪ ಹಿಡಿ, ಇಳಿಜಾರು ಹಲಗೆ, ಜಾರದಂತೆ ಟೇಪ್ ಹಚ್ಚಿದ ಕಾಗದ, ನೆಲಕ್ಕೆ ಊರಿದ ಪಾದಗಳು ಬಹಳ ನೆರವಾಗುತ್ತವೆ. ಕಾಗುಣಿತದಲ್ಲೇ ದಣಿಯುವ ಮಗು ಬಾಯಲ್ಲಿ ಹೇಳಲಿ, ಫೋನ್ ಅದನ್ನು ಅಕ್ಷರವಾಗಿಸಲಿ. ಸನ್ನೆಭಾಷೆಯಲ್ಲಿ ಯೋಚಿಸುವ ಮಗು ಮೊದಲು ಸನ್ನೆಯಲ್ಲೇ ಹೇಳಿ, ಆ ವಿಡಿಯೊ ನೋಡುತ್ತ ಬರೆಯಬಹುದು, ಅಥವಾ ವಿಡಿಯೊವನ್ನೇ ಕಳುಹಿಸಬಹುದು.

ಮಂದದೃಷ್ಟಿಯ ಮಗುವಿಗೆ ದಪ್ಪ ಕಪ್ಪು ಗೆರೆ, ಉಬ್ಬು ಗೆರೆಯ ಕಾಗದ ಬೇಕು. ಬ್ರೈಲ್ ಬಲ್ಲ ಮಗುವಿಗೆ ಆರು ಚುಕ್ಕೆಗಳೇ ಸಾಕು. ಬ್ರೈಲ್ ಸ್ಲೇಟು (ಕಾಗದ ಸಿಕ್ಕಿಸುವ ಕಿಂಡಿಗಳ ಚೌಕಟ್ಟು) ಮತ್ತು ಮೊನೆಕಡ್ಡಿಯಲ್ಲಿ ಬಲದಿಂದ ಎಡಕ್ಕೆ ಚುಕ್ಕೆ ಒತ್ತುತ್ತ ಹೋಗಿ ಕಾಗದವನ್ನು ಮಗುಚಿದಾಗ ಸಾಲು ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತದೆ. ಓದುವವರಿಗೆ ಬ್ರೈಲ್ ಬಾರದಿದ್ದರೆ ಪ್ರತಿ ಸಾಲಿನ ಕೆಳಗೆ ಸಾಮಾನ್ಯ ಲಿಪಿಯಲ್ಲಿ ಅದನ್ನೇ ಬರೆದುಕೊಡಿ. ಬ್ರೈಲ್ ಪತ್ರಕ್ಕೆ ಅಂಚೆ ದರದಲ್ಲಿ ವಿನಾಯಿತಿ ನೀಡುವ ವ್ಯವಸ್ಥೆ ವಿಶ್ವ ಅಂಚೆ ಒಕ್ಕೂಟದ ನಿಯಮಗಳಲ್ಲೇ ಇದೆ, ಅಂಚೆ ಕಚೇರಿಯಲ್ಲಿ ಅದನ್ನು ಕೇಳಿ ಪಡೆಯಿರಿ.

ಪತ್ರ ತಲುಪುವವರಿಗೂ ಮೊದಲೇ ಒಂದು ಮಾತು ಹೇಳಿಡಬೇಕು: ಮಗುವಿಗೆ ದಕ್ಕುವ ರೂಪದಲ್ಲೇ ಉತ್ತರ ಬರಲಿ, ಮತ್ತು ಅದು ಕೇಳಿದ್ದಕ್ಕೇ ಬರಲಿ. ಆ ಅಜ್ಜಿ ಕಳುಹಿಸಿದ್ದು ಮಂಚದಡಿ ಗೋಣಿಚೀಲದ ಮೇಲೆ ಸುರುಳಿ ಸುತ್ತಿ ಮಲಗಿದ ನಾಯಿಯ ಫೋಟೊ; ಹಿಂದೆ ದಪ್ಪಕ್ಷರದಲ್ಲಿ 'ಇಲ್ಲಿ, ಕಂದಾ' ಎಂದಿತ್ತು.